ಒಂದು ಬುಟ್ಟಿ ಕಡಿಮೆ

ಏಳನೇ ಇಯತ್ತೆಗೆ ಇವತ್ತು ಯವನರ ಪಾಠ.
ಹಡಗು, ಕಂಚಿನ ಗುರಾಣಿ, ಹತ್ತು ವರ್ಷದ ಮುತ್ತಿಗೆ,
ಗೆದ್ದು ತಂದದ್ದರಲ್ಲಿ ತನ್ನ ಪಾಲು ಕಸಿದರೆಂದು
ಮುನಿಸಿಕೊಂಡು ದಡದಲ್ಲಿ ಕೂತುಬಿಟ್ಟ ವೀರ.
"ಅಷ್ಟಕ್ಕೇ ಅಷ್ಟು ಸಿಟ್ಟಾ ಸರ್?"
ಹಿಂದಿನ ಬೆಂಚಿನ ಹುಡುಗಿ ಕೇಳಿದಳು.
ಚಾಕ್‌ಪೀಸು ಕೆಳಗಿಟ್ಟೆ.
ಕಿಟಕಿಯಾಚೆ ಮಾಜಾಳಿಯ ಸಮುದ್ರ
ತನಗೇನೂ ಗೊತ್ತಿಲ್ಲದ ಹಾಗೆ ಬಿದ್ದುಕೊಂಡಿತ್ತು.

ಅಷ್ಟಕ್ಕೇ, ಮಗು.
ನನ್ನಜ್ಜ ಸೋಯ್ರು ಹರಿಕಂತ್ರನಿಗೆ
ಒಂದೇ ಒಂದು ಬುಟ್ಟಿ ಬಂಗುಡೆ ಕಡಿಮೆ ಕೊಟ್ಟಿದ್ದರು.

ಅದು ರಂಪಣಿ ಬಲೆಯ ಕಾಲ.
ಈ ಹಗ್ಗಕ್ಕೆ ನಲವತ್ತು ಆಳು, ಆ ಹಗ್ಗಕ್ಕೆ ನಲವತ್ತು,
ನಡುವೆ ನೀರೇ ಎದ್ದು ಕೂರುವಷ್ಟು ಮೀನು.
ಸಮುದ್ರದ ಬಣ್ಣ ಒಂದೆಳೆ ಕಪ್ಪಾದರೆ ಸಾಕು,
ಗಾಳಿಮರದ ತುದಿಯಿಂದ ಅಜ್ಜ ಕೂಗು ಹಾಕುತ್ತಿದ್ದ.
ಮೊದಲು ಕಂಡವನಿಗೆ ಒಂದು ಬುಟ್ಟಿ ಹೆಚ್ಚು,
ಹಿರಿಯರ ಕಾಲದ ಕಟ್ಟಳೆ.
ಆ ದಿನ ಜೈವಂತ ತಾಂಡೇಲ
ಎಲ್ಲರೆದುರು ಆ ಬುಟ್ಟಿಯನ್ನು ಕಾಲಿನಿಂದ ಸರಿಸಿ
ತನ್ನ ಅಳಿಯನ ಮುಂದೆ ನಿಲ್ಲಿಸಿದ.
ಕೈಯಿಂದ ಸರಿಸಿದ್ದರೆ
ಅಜ್ಜ ಸುಮ್ಮನಿರುತ್ತಿದ್ದನೇನೋ.

ಹತ್ತೊಂಬತ್ತು ದಿನ
ಸಮುದ್ರಕ್ಕೆ ಬೆನ್ನು ಕೊಟ್ಟು ಕೂತ.
ಸಮುದ್ರಕ್ಕೆ ಬೆನ್ನು ಕೊಡುವುದೆಂದರೆ
ನಮ್ಮಲ್ಲಿ ಹೆಣವೂ ಮಾಡದ ಕೆಲಸ.
ಊರ ನಾಲ್ವರು ಬಂದರು, ತೆಂಗಿನಕಾಯಿ ತಂದರು,
ಮೂರು ಬುಟ್ಟಿ ಅಂದರು, ಐದು ಅಂದರು,
ಹೊಸ ಪಂಜಿ, ಮೇಲೊಂದು ಹುಂಜ.
"ಕಾಲು ತಾಗಿದ್ದನ್ನು ಕೈ ಬಂದು ಎತ್ತಲಿ" ಅಂದ ಅಜ್ಜ.
ಹುಂಜ ಮಾತ್ರ ಅಲ್ಲೇ ಉಳಿದು
ಅವನ ಸುತ್ತ ಕೆದಕುತ್ತಿತ್ತು.

ಸಂಜೆಗೊಂದು ತಟ್ಟೆ ಬರುತ್ತಿತ್ತು:
ಕುಚ್ಚಲಕ್ಕಿ ಗಂಜಿ, ಬಂಗುಡೆಯ ಸಾರು.
ಸಿಟ್ಟಿಗೂ ಹಸಿವಾಗುತ್ತದೆ. ಉಂಡ.
ಹಗ್ಗ ಮುಟ್ಟದವನ ಮನೆಗೆ
ಮೀನು ಎಲ್ಲಿಂದ ಬಂತು ಅಂತ
ಕೇಳಲಿಲ್ಲ.

ಇಪ್ಪತ್ತನೆಯ ರಾತ್ರಿ
ಅಜ್ಜಿ ಮಾಣಕಿ ಎಡಗೈಯಲ್ಲಿ ಸೌಟು ಹಿಡಿದಳು.
ಎಡಗೈಯಲ್ಲಿ ಬಡಿಸುವವಳಲ್ಲ ಅವಳು.
ಬಲಗೈ ಎಳೆದು ದೀಪಕ್ಕೆ ಹಿಡಿದ.
ಅಂಗೈ ತುಂಬ ಹಗ್ಗದ ಹುರಿ ಅಚ್ಚೊತ್ತಿತ್ತು,
ಮೂರೆಳೆಯೂ ಎಣಿಸುವಷ್ಟು ಸ್ಪಷ್ಟ,
ಸಂದಿಯಲ್ಲಿ ಉಪ್ಪು.
"ನಿನ್ನ ಜಾಗ ಖಾಲಿ ಇದ್ದರೆ
ಬೇರೆಯವರು ಬಂದು ನಿಲ್ಲುತ್ತಾರೆ," ಅಂದಳು.
"ನಿಂತೆ."

ಹೆಂಗಸು ರಂಪಣಿಯ ಹಗ್ಗ ಹಿಡಿಯುವ ಪದ್ಧತಿ ಇರಲಿಲ್ಲ.
ಬೇಡ ಅನ್ನಬೇಕಾದವರ ಕೈಯೆಲ್ಲ
ಆ ಹೊತ್ತಿಗೆ ಹಗ್ಗದಲ್ಲೇ ಇತ್ತು.

ಯವನರ ಕಥೆಯಾದರೆ ಇಲ್ಲಿ
ಆಕಾಶದಿಂದ ಹೊಸ ಕವಚ ಇಳಿಯಬೇಕು.
ಅಜ್ಜ ಮೂಲೆಯಲ್ಲಿದ್ದ ಹಳೇ ಪಂಜಿ ಕೊಡವಿ
ಬೆಳಗಿನ ಜಾವ ಹಗ್ಗಕ್ಕೆ ಹೋದ.
ಅವಳು ಜಾಗ ಬಿಡಲಿಲ್ಲ.
ಅವಳ ಹಿಂದೆ ನಿಂತ.

ತಾಂಡೇಲ ಆಮೇಲೆ ಬುಟ್ಟಿ ತಂದಿಟ್ಟನಂತೆ.
ಕೈಯಿಂದಲೇ ಅನ್ನುತ್ತಾರೆ ಕೆಲವರು,
ಇಲ್ಲ, ಆಳಿನ ಕೈಲಿ ಕಳಿಸಿದ ಅನ್ನುತ್ತಾರೆ.
ಕೇಳಿ ನೋಡಿ, ಮಾಜಾಳಿಯಲ್ಲಿ
ಈಗಲೂ ಇದಕ್ಕೆ ಜಗಳ ಆಗುತ್ತದೆ.

ಹೋದ ವರ್ಷ ಸೊಸೈಟಿಯ ಹಳೇ ಕಟ್ಟಡ ಕೆಡವುವಾಗ
ಪಾಲಿನ ಲೆಕ್ಕದ ಪುಸ್ತಕ ಸಿಕ್ಕಿತು,
ಗೆದ್ದಲು ಅರ್ಧ ಓದಿತ್ತು.
ಸೋಯ್ರು ಹರಿಕಂತ್ರ: ಹಾಜರು, ಹಾಜರು, ಹಾಜರು,
ಹತ್ತೊಂಬತ್ತು ದಿನವೂ ಒಂದೂ ತಪ್ಪದೆ.
ಮಾಣಕಿ ಅಂತ ಎಲ್ಲೂ ಇಲ್ಲ, ಹುಡುಕಿದೆ.
ಹಡಗಿಗೆ ಹಡಗು, ಆಳಿಗೆ ಆಳು ಪಟ್ಟಿ ಹೇಳುವ
ಆ ದೂರದ ಕಾವ್ಯದಲ್ಲೂ
ಯಾರ ಕೈ ಯಾರ ಹೆಸರಲ್ಲಿ ಸವೆಯಿತೋ.

ಚಿಕ್ಕವನಿದ್ದಾಗ ಒಮ್ಮೆ ಕೇಳಿದ್ದೆ.
ಅಂಗಳದಲ್ಲಿ ಒಣಮೀನು ಮಗುಚುತ್ತಿದ್ದಳು.
"ಅಜ್ಜಿ, ನೀನು ದೊಡ್ಡವಳಾ, ಅಜ್ಜ ದೊಡ್ಡವನಾ?"
ಕಾಗೆ ಓಡಿಸಿ, ಸ್ವಲ್ಪ ಹೊತ್ತು ಯೋಚಿಸಿ,
"ಆ ವರ್ಷ ಬಂಗುಡೆ ದೊಡ್ಡದಿತ್ತು" ಅಂದಳು,
ಎಷ್ಟು ಉದ್ದ ಅಂತ
ಅಂಗೈ ಬಿಚ್ಚಿ ತೋರಿಸಿದಳು.