ಕಟಿಂಗ್

ನಮ್ಮ ಯೂನಿಟ್ಟಿನಲ್ಲಿ ಕಟಿಂಗ್ ಎಂದರೆ ಎರಡು.
ಒಂದು ಎರ್ರಿಸ್ವಾಮಿ ಮಾಸ್ತರನದು:
ನೀಲಿ ಡೆನಿಮ್ಮಿನ ಎಂಬತ್ತು ಪದರ ಹಾಸಿ
ಒಂದೇ ಉಸಿರಿಗೆ ತೊಡೆ, ಮೊಣಕಾಲು, ಜೇಬು ಬಿಡಿಸುವುದು.
ಇನ್ನೊಂದು ನನ್ನದು.
ಕೆಂಪು ಶಾಯಿ, ಉದ್ದ ರಿಜಿಸ್ಟರು,
ಪಿ.ಎಫ್. ಕಾಲಮ್ಮಿನ ಪಕ್ಕ
ಸ್ಕೇಲಿಟ್ಟು ನಾನೇ ಎಳೆದ ಹೊಸ ಗೆರೆ: ಸೈಕಲ್.

ಐದು ಸಾವಿರದ ನಾನೂರು. ಹನ್ನೆರಡು ಕಂತು.
ಬಡ್ಡಿ ಇಲ್ಲ ಅಂದರು ಸಾಹುಕಾರರು.
ಬಡ್ಡಿ ಇಲ್ಲ ಅಂತ ಮೂರು ಸಲ ಅಂದರು.
ಮೋತಿ ಸರ್ಕಲ್ಲಿನ ಅಂಗಡಿಯಲ್ಲಿ ಅದೇ ಸೈಕಲ್ಲು
ರೊಕ್ಕ ಎಣಿಸಿಕೊಟ್ಟರೆ ಆರುನೂರು ಕಡಿಮೆ.
ಎಣಿಸಲಿಕ್ಕೆ ಅಷ್ಟು ರೊಕ್ಕ
ಯಾರ ಸೆರಗಿನ ಗಂಟಿನಲ್ಲಿ ಒಟ್ಟಿಗೆ ಇತ್ತು?
ಸಹಿ ಹಾಕಿದರು ಹತ್ತೊಂಬತ್ತು ಮಂದಿ,
ಹೆಬ್ಬೆಟ್ಟು ಒತ್ತಿದವರು ಇಬ್ಬರು.

ಗಾದಿಲಿಂಗಪ್ಪನದು ತಿಂಗಳೊಳಗೆ ಮಗನ ಪಾಲಾಯಿತು,
ಬೆಳಗಿನ ಹಾಲಿನ ಪಾಕೀಟು ಹಾಕಲು. ತಾನು ಮತ್ತೆ ಆಟೋ.
ಹನುಮಕ್ಕನಿಗೆ ತುಳಿಯಲು ಬರುವುದಿಲ್ಲ.
ಎಮ್ಮೆ ಹಿಡಿದುಕೊಂಡು ಬಂದ ಹಾಗೆ
ಬಂಡಿಹಟ್ಟಿಯಿಂದ ದಿನಾ ನಡೆಸಿಕೊಂಡು ಬರುತ್ತಾಳೆ,
ಹ್ಯಾಂಡಲ್ಲಿಗೆ ಬುತ್ತಿ ಚೀಲ.
'ಭಾರನಾದ್ರೂ ಇಳೀತು ಬಿಡ್ರಿ ಸಾರ್.'

ಮಾಬುನ್ನಿ ಮಾತ್ರ ತುಳಿದಳು.
ಕೌಲ್ ಬಜಾರಿನಿಂದ ಮುಂಡರಗಿಯ ಶೆಡ್ಡಿನ ತನಕ.
ಎರಡನೇ ಗೇಟು ಬಿದ್ದರೆ ಸೈಕಲ್ಲು ಓರೆ ಮಾಡಿ ಕಂಬಿಯಡಿ ತೂರಿಸಿ,
ಅದಿರಿನ ಲಾರಿ ಎಬ್ಬಿಸಿದ ಕೆಂದೂಳಿಗೆ
ದುಪಟ್ಟಾದ ಅಂಚು ಕಚ್ಚಿ,
ಏಪ್ರಿಲ್ಲಿನಲ್ಲಿ, ನಮ್ಮೂರಿನ ಏಪ್ರಿಲ್ಲಿನಲ್ಲಿ,
ಬೆಳಗಿನ ಎಂಟಕ್ಕೇ ಸೀಟು ಕಾದ ಹಂಚು.
ಚೈನ್ ಕವರಿನ ಮೇಲೆ ಕಂಪನಿಯ ಹೆಸರು.
ಬೆಲ್ಲು ಮಾತ್ರ ಅವಳದು, ಅರವತ್ತು ರೂಪಾಯಿ,
ಕಂಪನಿ ಕೊಟ್ಟದ್ದರಲ್ಲಿ ಬೆಲ್ಲೇ ಇರಲಿಲ್ಲ.
ಅದರ ಸದ್ದು ಕೇಳಿದರೆ ವಾಚ್‌ಮನ್ ಕಣ್ಣು ಬಿಡದೆ ಹೇಳುತ್ತಿದ್ದ:
ಎಂಟೂ ಇಪ್ಪತ್ತೈದು.

'ಲಾಭಾನಾ ಸಾರ್ ಇದು?' ಮೊದಲ ತಿಂಗಳೇ ಕೇಳಿದ್ದಳು.
ಲೆಕ್ಕ ನನ್ನ ಕಸುಬು. ಹೇಳಿದೆ:
ಶೇರ್ ಆಟೋ ಹೋಗಿಬರಲು ಮೂವತ್ತು,
ಇಪ್ಪತ್ತಾರು ದಿನಕ್ಕೆ ಏಳುನೂರ ಎಂಬತ್ತು.
ಕಟಿಂಗ್ ನಾನೂರ ಐವತ್ತು. ಉಳಿದದ್ದು ನಿನ್ನದು.
ಅವಳು ನಕ್ಕಳು. 'ಆಟೋದಾಗ ಏಳು ಮಂದಿ ಒತ್ತಿ ಕುಂತು
ಅತ್ತೇರನ್ನ ಬೈಕೋತ ಬರ್ತಿದ್ವಿ.
ಅದನ್ನ ಯಾವ ಕಾಲಮ್ಮಿಗೆ ಬರೀತೀರಿ?'

ಏಳನೇ ತಿಂಗಳು. ರೂಪನಗುಡಿ ರಸ್ತೆಯ ಯೂನಿಟ್ಟಿನಲ್ಲಿ
ಪೀಸಿಗೆ ಎರಡು ರೂಪಾಯಿ ಜಾಸ್ತಿ.
ಕರಾರಿನ ಕೊನೇ ಸಾಲು, ಸಣ್ಣಕ್ಷರದ್ದು, ನಾನೇ ಟೈಪು ಮಾಡಿದ್ದು:
ಕೆಲಸ ಬಿಟ್ಟಲ್ಲಿ ಬಾಕಿ ಕಟ್ಟತಕ್ಕದ್ದು,
ತಪ್ಪಿದಲ್ಲಿ ಸೈಕಲ್ ಒಪ್ಪಿಸತಕ್ಕದ್ದು.
ಬಾಕಿ, ಎರಡು ಸಾವಿರದ ಇನ್ನೂರ ಐವತ್ತು.
'ಅಷ್ಟು ರೊಕ್ಕ ಇದ್ದಿದ್ರೆ...' ಅಂದಳು. ಮುಂದೆ ಅನ್ನಲಿಲ್ಲ.

ಶನಿವಾರ ಪಗಾರ ಆದ ಮೇಲೆ ತಂದು ನಿಲ್ಲಿಸಿದಳು.
ತೊಳೆದು, ಕಡ್ಡಿ ಕಡ್ಡಿ ಒರೆಸಿ, ಚೈನಿಗೆ ಎಣ್ಣೆ ಬಿಟ್ಟು,
ಎರವಲು ತಂದ ಪಾತ್ರೆ
ಬರಿದೇ ಹಿಂದಿರುಗಿಸಬಾರದು ಎಂಬಂತೆ.
ಸ್ಕ್ರೂಡ್ರೈವರ್ ಕೇಳಿದಳು. ಎರ್ರಿಸ್ವಾಮಿ ಕೊಟ್ಟ.
ಬೆಲ್ಲು ಬಿಚ್ಚಿಕೊಂಡಳು.

ನಾನು ಬರೆದೆ: ಸೈಕಲ್ ಒಂದು, ಸುಸ್ಥಿತಿಯಲ್ಲಿ, ವಾಪಸ್.

ರಾತ್ರಿ ನಿದ್ದೆ ಹತ್ತದೆ ಮತ್ತೆ ಲೆಕ್ಕ ಹಾಕಿದೆ.
ಏಳು ತಿಂಗಳ ಆಟೋ, ಐದು ಸಾವಿರದ ನಾನೂರ ಅರವತ್ತು.
ಏಳು ಕಟಿಂಗ್, ಮೂರು ಸಾವಿರದ ನೂರ ಐವತ್ತು.
ನಾಲ್ಕು ಪಂಚರು, ಒಂದು ಜೊತೆ ಬ್ರೇಕ್ ರಬ್ಬರು ಕಳೆದರೂ
ಸೈಕಲ್ಲೇ ಕೈಬಿಟ್ಟು ಹೋದಮೇಲೂ
ಮಾಬುನ್ನಿಗೆ ಲಾಭವೇ.
ತಪ್ಪಿಲ್ಲ. ಎರಡು ಸಲ ಕೂಡಿದೆ.
ಅವಳ ಎದುರು ನಿಂತು ಅದನ್ನು ಹೇಳುವ ಬಾಯಿ
ನನಗಿಲ್ಲ.

ಸೋಮವಾರ ಸಾಹುಕಾರರು ಸೀಟು ಒತ್ತಿ ನೋಡಿದರು.
'ಹೊಸದರಂಗೇ ಐತಲ್ಲ,
ಇನ್ನೊಬ್ಬರ ಹೆಸರಿಗೆ ಬರಿ.'
'ಎಷ್ಟಕ್ಕೆ ಬರೀಲಿ?' ಅಂದೆ.
ಅವರು ಹ್ಯಾಂಡಲ್ ನೋಡುತ್ತಿದ್ದರು.
ಅಲ್ಲೊಂದು ಉಂಗುರದಗಲದ ಜಾಗ
ತುಕ್ಕು ತಾಗದೆ ಮಿಂಚುತ್ತಿತ್ತು.

'ಬೆಲ್ಲೆಲ್ಲಿ?' ಅಂದರು.