ಲೂಸು

ಗುತ್ತಲು ರಸ್ತೆಯಲ್ಲಿ ನನ್ನದು ಏಳಡಿ ಅಂಗಡಿ.
ಒಂದು ಮಿಷನ್ನು, ಒಂದು ಸ್ಟೂಲು, ಸ್ಟೂಲಿನ ಮೇಲೆ ತಮ್ಮ.
ದಿನಕ್ಕೆ ನಲವತ್ತು ಸಲ ಆ ಮಾತು ಬಾಗಿಲಿಗೆ ಬರುತ್ತದೆ.

‘ಎದೆತಾವ ವಸಿ ಲೂಸಿರ್ಲಿ ಕಣಕ್ಕ, ಮಗ ಹಾಲು ಕುಡೀತದೆ’
ಎನ್ನುತ್ತಾಳೆ ಜವನಮ್ಮನ ಸೊಸೆ.
ಎದುರಿನ ಅಂಗಡಿಯಲ್ಲಿ ಲೂಸ್ ಎಣ್ಣೆ,
ಪ್ಯಾಕೆಟ್ಟಿಗಿಂತ ಎಂಟು ರೂಪಾಯಿ ಕಮ್ಮಿ, ಬಾಟಲಿ ನೀವೇ ತರಬೇಕು.
ಮೆಡಿಕಲ್ಸ್ ಮುಂದೆ ಒಬ್ಬ ಬಗ್ಗಿ, ಗುಟ್ಟು ಹೇಳುವವನ ಹಾಗೆ:
‘ಬೆಳಗಿಂದ ಲೂಸ್ ಮೋಷನ್ನು.’
ಕಬ್ಬಿನ ಗಾಡಿಯ ಹಗ್ಗ ಲೂಸು, ಹಿಂದೆ ಓಡುವ ಹುಡುಗರು
ಒಂದೊಂದೇ ಜಲ್ಲೆ ಎಳೆದುಕೊಳ್ಳುವಷ್ಟು.
‘ಲೂಸ್ ಟಾಕ್ ಬುಡ್ಲಾ’ ಎಂದು ಟೀ ಅಂಗಡಿಯಲ್ಲಿ ಗ್ಲಾಸು ಕುಕ್ಕುತ್ತಾರೆ,
ಆಮೇಲೆ ಅದೇ ಮಾತನ್ನು ಇನ್ನೊಂದು ಸಲ ಹೇಳಿಸುತ್ತಾರೆ.

ಇಂಗ್ಲಿಷನ್ನು ನಾನು ಏಳನೇ ಕ್ಲಾಸಿಗೇ ಬಿಟ್ಟೆ.
ಈ ಪದ ನನ್ನನ್ನು ಬಿಡಲಿಲ್ಲ.

ಅವ್ವ ಇದ್ದಾಗ ಮನೆಯಲ್ಲಿ ಸಡಿಲ ಅಂತಿತ್ತು.
ಹಸುವಿನ ಕಣ್ಣಿ ಸಡಿಲ.
ಮಳೆ ಬಂದ ಮಾರನೆ ದಿನ ನೆಲ ಸಡಿಲ.
ಬಳೆ ಸಡಿಲಾದರೆ, ಮಗಳು ಸರಿಯಾಗಿ ಉಣ್ಣುತ್ತಿಲ್ಲ.
ಆ ಪದ ಹಿಡಿದು ಯಾರನ್ನೂ ಬೈಯಲು ಬರುತ್ತಿರಲಿಲ್ಲ.
‘ಏ ಸಡಿಲ’ ಎಂದು ಕೂಗಿ ನೋಡಿ,
ಒಬ್ಬನೂ ತಿರುಗುವುದಿಲ್ಲ.

ಇನ್ನೊಂದಕ್ಕೆ ನನ್ನ ತಮ್ಮ ತಿರುಗುತ್ತಾನೆ.
ರೇಷನ್ ಕಾರ್ಡಿನಲ್ಲಿ ಬೋರಲಿಂಗು ಎಂದಿದೆ.
ಬೀದಿಯಲ್ಲಿ ಹಾಗೆ ಕರೆದರೆ
ಯಾರನ್ನು ಅಂತ ನನ್ನ ಮುಖ ನೋಡುತ್ತಾನೆ.
ಮೂವತ್ತೊಂದು ವರ್ಷ. ಗುಂಡಿ ವಿಂಗಡಿಸುತ್ತಾನೆ:
ಎರಡು ತೂತಿನವು ಈ ಡಬ್ಬಿಗೆ, ನಾಲ್ಕು ತೂತಿನವು ಆ ಡಬ್ಬಿಗೆ.
ಒಂದು ದಿನವೂ ತಪ್ಪಿಲ್ಲ. ನಾನು ತಪ್ಪಿದ್ದೇನೆ.

ಮೊನ್ನೆ, ಸ್ಕೂಲು ಶುರುವಾಗುವ ವಾರ,
ಒಬ್ಬಳು ಮಗನನ್ನು ಯೂನಿಫಾರ್ಮಿಗೆ ತಂದು ನಿಲ್ಲಿಸಿದಳು.
ಹುಡುಗ ಬೆರಳು ಮಾಡಿ ಕೇಳಿದ, ‘ಇವ್ನೇನವ್ವಾ ಲೂಸು?’
ಅವನ ಬಾಯಿಗೆ ಮೆತ್ತಗೆ ಒಂದು ಕೊಟ್ಟಳು.
ನನ್ನ ಕಡೆ ನೋಡಲಿಲ್ಲ.
ಟೇಪಿನ ತುದಿಯನ್ನು ಎಂದಿನಂತೆ ತಮ್ಮನೇ ಹಿಡಿದ,
ಹುಡುಗನ ಹೆಗಲಿಗೆ ತಾಕಿಯೂ ತಾಕದ ಹಾಗೆ.
ನಾನು ಬರೆದುಕೊಂಡೆ, ಹದಿಮೂರೂವರೆ.

ಆಗ ಅವಳು, ‘ಬರೋ ವರ್ಸಕ್ಕೂ ಆಗ್ಬೇಕು ಕಣಕ್ಕ,
ವಸಿ... ವಸಿ...’ ಎಂದು ಅಲ್ಲೇ ನಿಂತಳು.
ಬಾಯಿಗೆ ಬಂದದ್ದನ್ನು ನುಂಗಿ
ಎರಡು ಕೈ ಅಗಲಿಸಿ ತೋರಿಸಿದಳು,
ಗಾಳಿಯಲ್ಲಿ ಒಂದು ಅಂಗಿಯಷ್ಟು ಜಾಗ.

‘ಲೂಸಿರ್ಬೇಕು ತಾನೆ?’
ಅಂದವನು ತಮ್ಮ. ಗುಂಡಿಯಿಂದ ತಲೆ ಎತ್ತಲೂ ಇಲ್ಲ.

ರಾತ್ರಿ ಆ ಅಂಗಿ ಹೊಲಿದೆ.
ಪಕ್ಕದ ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟು ಮಡಿಸಿದೆ.
ಗುಂಡಿ ಅವನೇ ಆರಿಸಿದ, ನಾಲ್ಕು ತೂತಿನವು.
ಬೇಗ ಕಿತ್ತು ಬರುವುದಿಲ್ಲವಂತೆ.