ಬಳೆಯ ಅಳತೆ

ವಾಡೆಯೊಳಗೆ ಹೋಗಲು ಗಂಡಸರಿಗೆ ಅಪ್ಪಣೆ ಬೇಕು,
ಸಾಲ ಕೇಳುವವನು ಚಪ್ಪಲಿ ಕೈಯಲ್ಲಿ ಹಿಡಿದು ನಿಲ್ಲಬೇಕು.
ಬಳೆಗಾರತಿಗೆ ಮಾತ್ರ
ಒಳಗಿನಿಂದಲೇ ಯಾರೋ ಬಾಗಿಲು ತೆರೆಯುತ್ತಿದ್ದರು.

ನಮ್ಮಜ್ಜಿ ಮಾಲನಬಿ
ಮಲಾರ ಹೆಗಲಿಗೆ ಹಾಕಿಕೊಂಡು
ನಾಲವಾರದಿಂದ ಭೀಮೆಯ ದಂಡೆಯ ಹಳ್ಳಿಗಳಿಗೆ
ನಡೆದೇ ಹೋಗುತ್ತಿದ್ದಳು.
ನಿಜಾಮಶಾಹಿ. ಹಾಲಿ ರೂಪಾಯಿಯ ಕಾಲ.

ಅಂಗಳದಲ್ಲಿ ಕೂತು ಒಂದು ಕೈ ಹಿಡಿದರೆ
ಬೀಸುಕಲ್ಲಿನ ಗೂಟ ಎಷ್ಟು ಹೊತ್ತು ತಿರುಗಿಸಿದ ಕೈ,
ಮಣಿಕಟ್ಟಿನ ಹಗ್ಗದ ಗುರುತು ಹಳೆಯದೋ ಹೊಸದೋ,
ಹೇಳುತ್ತಿದ್ದಳು. ಹೇಳುತ್ತಿರಲಿಲ್ಲ, ತಿಳಿದುಕೊಳ್ಳುತ್ತಿದ್ದಳು.

ಸಾಬಮ್ಮನ ಕೈ ಅಂಥದು.
ಅವಳ ಮಾವ ಮದುವೆಗೆಂದು ತಂದ ಎರಡು ಚೀಲ ಜೋಳ
ಗೌಡನ ವಹಿಯೊಳಗೆ
ಮಳೆಯಿಲ್ಲದೆ ಮೂವತ್ತು ವರ್ಷ ಬೆಳೆದಿತ್ತು.
ಮಾವ ಸತ್ತ. ಗಂಡ ದುಡಿದ.
ಹೊಟ್ಟೆಯೊಳಗಿನ ಕೂಸಿಗೆ
ಆಗಲೇ ಒಂದು ಪುಟ ಖಾಲಿ ಬಿಟ್ಟಿದ್ದ ಕಾರಕೂನ.

‘ಯಾವ ಅಳತಿ ಬೇ?’
‘ಎರಡು ನಾಕು.’
ಪಕ್ಕದಲ್ಲೇ ಗೌಡ್ತಿ ಅಡಕೆ ಕತ್ತರಿಸುತ್ತ ಕೇಳುತ್ತಿದ್ದಳು.

ಅಳತೆಯಲ್ಲ ಅದು. ಇಬ್ಬರು.
ಅಮಾಸಿ ಕಳೆದು ನಾಲ್ಕನೇ ರಾತ್ರಿ.

ಅಂಬಿಗ ಯಂಕೋಬನಿಗೆ ಅಗಸರ ತಾಯವ್ವ ಗೊತ್ತು,
ತಾಯವ್ವನಿಗೆ ಶಹಾಬಾದದ ಗ್ಯಾಂಗ್‌ಮನ್ ಹಳ್ಳೆಪ್ಪ ಗೊತ್ತು,
ಹಳ್ಳೆಪ್ಪನಿಗೆ ಯಂಕೋಬ ಯಾರೆಂದು ಗೊತ್ತಿಲ್ಲ.
‘ಒಬ್ಬರಿಗೆ ಒಂದು ಹೆಸರು ಸಾಕು,
ಎರಡು ಇದ್ದರ, ಹೊಡತಕ್ಕ ಎರಡೂ ಬಾಯಿಗೆ ಬರ್ತಾವ.’

ಹಳ್ಳೆಪ್ಪನ ಕಂದೀಲು ಎರಡು ಸಲ ತಗ್ಗಿದರೆ
ಪರ್ಸಿಕಲ್ಲು ಹೇರಿದ ಕಡೆಯ ವ್ಯಾಗನ್ನು.
ನಿಲ್ಲಿಸಿಟ್ಟ ಚಪ್ಪಡಿಗಳ ನಡುವೆ
ಒಂದು ಮೈ ಹಿಡಿಸುವಷ್ಟು ಸಂದು,
ಥಂಡಿಗೆ ಹಲ್ಲು ಕಟಕಟಿಸದ ಹಾಗೆ
ಬಾಯಲ್ಲಿ ಸೆರಗು.
ದುಧನಿ ದಾಟಿದರೆ ಸರಹದ್ದು ಮುಗಿಯಿತು,
ಬೆಳಗಾದರೆ ಸೊಲ್ಲಾಪುರದ ಮಿಲ್ಲಿನ ಭೋಂಗಾ.
ಅಲ್ಲೂ ದುಡಿತವೇ.
ಆದರೆ ಶನಿವಾರ ಕೈಗೆ ಪಗಾರ ಬೀಳುತ್ತಿತ್ತು.

ಒಬ್ಬನನ್ನು ಕಲಬುರ್ಗಿ ಸ್ಟೇಷನ್ನಿನಲ್ಲಿ ಇಳಿಸಿಕೊಂಡರು.
ಅವನ ಹೆಸರು ಅಜ್ಜಿ ಕೊನೆವರೆಗೂ ಹೇಳಲಿಲ್ಲ.
ಅವನ ಮಾತು ಬಂದಾಗ ಎದ್ದು
ಒಲೆಯೊಳಗಿನ ಕೊಳ್ಳಿ ಸರಿಸುತ್ತಿದ್ದಳು,
ಒಲೆ ಆರಿದ್ದರೂ.

ಅಮಾಸಿಗೆ ಒಂಬತ್ತು ದಿನ ಇದ್ದಾಗ
ಸಾಬಮ್ಮ ಹಡೆದಳು.
ಅಜ್ಜಿ ಬಾಣಂತಿಗೆ ಹಸಿರು ಬಳೆ ಇಡಿಸಲು ಹೋದಳು.
‘ಯಾವ ಅಳತಿ ಬೇ?’
‘ಮೂರು ನಾಕು.’

ಅಷ್ಟು ಸಣ್ಣ ಕೂಸು, ಎಣಿಸಬೇಕಿರಲಿಲ್ಲ.
ಸಾಬಮ್ಮ ಎಣಿಸಿದಳು.

ಅಡಕೊತ್ತು ನಿಂತಿತು.
‘ಮೂರರ ಅಳತಿ? ಆನಿ ಕಾಲಿಗೆ ತೊಡಸ್ತೀಯೇನ?’
ಗೌಡ್ತಿ ಬಾಣಂತಿಯ ಕೈ ನೋಡಿದಳು,
ಅಜ್ಜಿಯ ಮುಖ ನೋಡಿದಳು.
ಅಜ್ಜಿ ಮಲಾರದ ಗಂಟು ಬಿಚ್ಚಿದಳು, ಕಟ್ಟಿದಳು, ಬಿಚ್ಚಿದಳು.
ಗೌಡ್ತಿ ತನ್ನ ಕೈ ಮುಂದೆ ಚಾಚಿದಳು,
ಚಿನ್ನದ ಪಾಟ್ಲಿ ಒಂದಿಷ್ಟು ಹಿಂದಕ್ಕೆ ಸರಿಸಿ:
‘ಇದ್ದರ ನನಗೂ ನೋಡು.
ಇವು ಹಾಕಿದ ದಿನದಿಂದ ಬಿಗಿನ ಅದಾವ.’

ನಾಲ್ಕನೇ ರಾತ್ರಿ ವಾಡೆಯ ನಾಯಿ ಬೊಗಳಲಿಲ್ಲ.
ಯಾರೋ ಅದಕ್ಕೆ ಹಾಲು ರೊಟ್ಟಿ ಹಾಕಿ
ಕಟ್ಟಿಗೆಯ ಖೋಲಿಯಲ್ಲಿ ಕೂಡಿಹಾಕಿದ್ದರಂತೆ.
ಯಾರೆಂದು ಅಜ್ಜಿ ಕೇಳಲಿಲ್ಲ.
ಮುಂದೆಯೂ ವರ್ಷಕ್ಕೆರಡು ಸಲ
ಆ ಕೈಗೆ ಅವಳೇ ಬಳೆ ಇಡಿಸಿದಳು.

‘ಎಷ್ಟು ಮಂದಿ ದಾಟಿದ್ರು ದಾದಿ?’
ನಾನು ಲಂಗದ ವಯಸ್ಸಿನಲ್ಲಿ ಕೇಳಿದೆ.
‘ರೊಕ್ಕ ಬರದ ಬಳಿ ಎಷ್ಟೋ ಅಷ್ಟು.’
ಉದ್ರಿ ಬರೆಯಲು ನಮ್ಮಲ್ಲಿ ವಹಿ ಇರಲಿಲ್ಲ.
ಪಡಸಾಲೆಯ ಗೋಡೆಗೆ ಇದ್ದಲಿನ ಗೆರೆ,
ರಂಜಾನಿಗೆ ಮುಂಚೆ ಅದರ ಮೇಲೆ ಸುಣ್ಣ.

ಹೋದ ವರ್ಷ ರಸ್ತೆ ಅಗಲ ಮಾಡುವಾಗ
ಆ ಗೋಡೆ ಒಡೆದರು.
ಸುಣ್ಣದ ಹಕ್ಕಳೆ ಬೆರಳಿನಷ್ಟು ದಪ್ಪ.
ಉಗುರಿನಿಂದ ಕೆರೆದೆ:
ಬಿಳುಪು, ಬಿಳುಪು,
ಆಮೇಲೆ ಒಂದು ಕರಿ ಗೆರೆ, ಅದರ ಮಗ್ಗುಲಲ್ಲಿ ಇನ್ನೊಂದು,
ಅದಕ್ಕೆ ಅಂಟಿ, ಗಿಡ್ಡನೆಯದೊಂದು.

ಜೆಸಿಬಿಯವನು ಹಾರ್ನ್ ಹೊಡೆಯುತ್ತಿದ್ದ.
ನಾನು ಪಕ್ಕಕ್ಕೆ ಸರಿದೆ.